ಭೀಮರಾಜು ಚೀಲದ ತಳ ಹುಡುಕಿದ್ದು

ಮಧುಗಿರಿಯ ಮಾರುಕಟ್ಟೆ ಯಾರ್ಡಿನಲ್ಲಿ ಭೀಮರಾಜುವಿನಂತೆ ಚೀಲ ಹೊಲಿಯುವವನು ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವ ಲಕ್ಷಣವೂ ಇಲ್ಲ. ಕಡಲೆಕಾಯಿ ಸುಗ್ಗಿಯಲ್ಲಿ ಅವನ ದಬ್ಬಳ ಓಡುವ ವೇಗಕ್ಕೆ ಹುರಿಯಿಂದ ಹೊಗೆ ಏಳುತ್ತಿತ್ತು. ಅವನ ಕಣ್ಣು ಕಟ್ಟಿ ನಿಲ್ಲಿಸಿ, ತುಂಬಿದ ಚೀಲದ ಮೇಲೆ ಒಂದು ಏಟು ಹಾಕಿಸಿದರೆ ಸಾಕು: ಒಳಗಿರುವುದು ಹುಣಸೆಯೋ ಕಡಲೆಕಾಯಿಯೋ, ಬಂದದ್ದು ಮಿಡಿಗೇಶಿಯಿಂದಲೋ ಕಳ್ಳಂಬೆಳ್ಳದಿಂದಲೋ, ರೈತ ಮನೆಯಿಂದ ಹೊರಡುವಾಗ ಹೆಂಡತಿಯ ಜೊತೆ ಜಗಳ ಆಡಿದ್ದನೋ ಇಲ್ಲವೋ, ಎಲ್ಲವನ್ನೂ ಹೇಳಿಬಿಡುತ್ತಿದ್ದ. ಯಾರ್ಡಿನಲ್ಲಿ ಯಾವ ಚೀಲ ಹರಿದರೂ "ಭೀಮನ್ನ ಕರೀರಿ" ಅನ್ನುತ್ತಿದ್ದರು. ಹೀಗೆ ಇಪ್ಪತ್ತು ವರ್ಷ ಚೀಲದ ಬಾಯಿ ಮುಚ್ಚಿದ ಭೀಮರಾಜುವಿಗೆ ತನ್ನ ಬಾಯಿ ಮುಚ್ಚುವುದು ಮಾತ್ರ ಬಂದಿರಲಿಲ್ಲ. ಆ ಭಾನುವಾರದ ಗಲಾಟೆಗೆಲ್ಲ ಅದೇ ಮೂಲ.

ಅವನ ಹೆಂಡತಿ ಸಂಘಮಿತ್ರಾ ಸ್ಕೂಲ್ ಮೇಡಂ. ಹೆರಿಗೆಯಾಗಿ ಐದು ತಿಂಗಳು ತವರೂರು ವೈ.ಎನ್.ಹೊಸಕೋಟೆಯಲ್ಲಿ ಬಾಣಂತನ ಮುಗಿಸಿಕೊಂಡು, ಕೂಸನ್ನು ಎತ್ತಿಕೊಂಡು ಆಗಷ್ಟೇ ಮಧುಗಿರಿಗೆ ಬಂದಿದ್ದಳು. ಆ ಐದು ತಿಂಗಳಲ್ಲಿ ಭೀಮರಾಜು ಮುದ್ದೆಯೆಂದು ತಿರುವಿ ಇಟ್ಟದ್ದನ್ನು ಬೀದಿಯ ನಾಯಿ ಮೂಸಿ ನೋಡಿ, ತಲೆ ಬಾಗಿಸಿ, ಬೇರೆ ಬೀದಿಗೆ ಮನೆ ಬದಲಾಯಿಸಿತ್ತು. ಮನುಷ್ಯ ಅರ್ಧ ಆಗಿದ್ದ. ಉಳಿದರ್ಧಕ್ಕೆ ಹೆಂಡತಿ ಮಗು ಬಂದ ಮೇಲೆ ಜೀವ ಬಂದಿತ್ತು.

ಮಗಳನ್ನು ಬಿಡಲು ಬಂದ ಅತ್ತೆ ಚಿಕ್ಕಹನುಮಕ್ಕ ಸುಮ್ಮನೆ ಬಿಟ್ಟು ಹೋಗುವವರಲ್ಲ. ಆಕೆಯ ಮೂಗು ಸಾಮಾನ್ಯ ಮೂಗಲ್ಲ. ಹೊಸಕೋಟೆಯ ಜಗುಲಿಯಲ್ಲಿ ಕೂತು ಪಾವಗಡದ ಸಾರಿಗೆ ಉಪ್ಪು ಕಡಿಮೆಯೆಂದು ಹೇಳುವ ಮೂಗು. ಆ ಮೂಗನ್ನು ಮುಂದಿಟ್ಟುಕೊಂಡು ಮನೆಯ ಮೂಲೆಮೂಲೆ ಸುತ್ತಿ, ಬಾಗಿಲಲ್ಲಿ ನಿಂತು ತೀರ್ಪು ಕೊಟ್ಟಿದ್ದರು.

"ಅಳಿಮಯ್ಯಾ, ಎಂಟು ದಿನ ಟೈಮು. ಬರೋ ಭಾನುವಾರ ಹನ್ನೊಂದು ಗಂಟೆ ಬಸ್ಸಿಗೆ ಬತ್ತೀನಿ. ಮಗೀನ ಕೊಳೆ ಮನ್ಯಾಗೆ ನಾರ್ತಾ ಇತ್ತು ಅಂದ್ರೆ ತಾಯಿ ಮಗು ಇಬ್ರುನ್ನೂ ಯುಗಾದಿ ತನಕ ಕರ್ಕಂಡು ಹೋಗ್ಬುಡ್ತೀನಿ. ಆಮ್ಯಾಕೆ ನೀನೊಬ್ನೇ ಚೀಲ ಹೊಲ್ಕಂಡು ಕೂತ್ಕೋ."

ಭೀಮರಾಜು ನಕ್ಕಿದ್ದ. "ಅತ್ತೆ, ಮನೇಲಿ ಮಿಷನ್ ಐತೆ. ಎಲ್ಲಾ ನಾನೇ ನೋಡ್ಕೊಳ್ತೀನಿ. ಇವಳು ಕೈಯೂ ಹಾಕಂಗಿಲ್ಲ."

ಮಿಷನ್ ಅಂದರೆ ಸಂಘಮಿತ್ರಾಳ ಸ್ಕೂಲಿನವರೆಲ್ಲ ಸೇರಿ ಉಡುಗೊರೆ ಕೊಟ್ಟ ಡೈಪರ್ ಡಬ್ಬ. ಸೊಂಟದೆತ್ತರ, ಹಾಲಿನಂಥ ಬಿಳುಪು, ಕಾಲಲ್ಲಿ ಒತ್ತಿದರೆ ಬಾಯಿ ತೆರೆಯುತ್ತದೆ. ಮಗುವಿನ ಡೈಪರನ್ನು ಒಳಗೆ ನೂಕಿದರೆ ಅದರ ವಾಸನೆ ಒಳಗೇ ಸೆರೆ. ಬಾಯಿಯ ಸುತ್ತ ಒಂದು ಟೊಳ್ಳು ಬಳೆ ಕೂತಿರುತ್ತದೆ. ಆ ಬಳೆಯ ಹೊಟ್ಟೆಯಲ್ಲಿ ತೆಳ್ಳನೆಯ ಪ್ಲಾಸ್ಟಿಕ್ ಚೀಲ ಸೀರೆಯ ನೆರಿಗೆಯಂತೆ ಮಡಿಚಿಕೊಂಡಿರುತ್ತದೆ. ಮೊದಲನೇ ಬಳೆಯನ್ನು ಸ್ಕೂಲಿನವರೇ ಕೂರಿಸಿ ಕೊಟ್ಟಿದ್ದರು. ಅದು ಏಳು ದಿನ ಚಿನ್ನದಂತೆ ದುಡಿಯಿತು. ಭೀಮರಾಜು ಬೀದಿಯವರನ್ನೆಲ್ಲ ಕರೆದು ಕಾಲಲ್ಲಿ ಒತ್ತಿ ತೋರಿಸಿದ. ಕೆಲವರಿಗೆ ಎರಡೆರಡು ಸಲ ತೋರಿಸಿದ.

ಎಂಟನೇ ದಿನ, ಭಾನುವಾರ, ಬೆಳಿಗ್ಗೆ ಒಂಬತ್ತೂವರೆಗೆ ಬಳೆ ಬರಿದಾಯಿತು.

"ಹೊಸದು ಬೀರು ಮೇಲೈತೆ ರೀ," ಬಚ್ಚಲಿನಿಂದ ಸಂಘಮಿತ್ರಾ ಕೂಗಿದಳು. ಮಗುವನ್ನು ಕಾಲಿನ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. "ರಟ್ಟಿನ ಮೇಲೆ ಚಿತ್ರ ಬರ್ದವ್ರೆ. ನೋಡ್ಕೊಂಡು ಹಾಕಿ."

"ಚೀಲ ಹಾಕೋಕೆ ಚಿತ್ರ ನೋಡ್ಬೇಕಾ? ಯಾರಿಗೆ ಹೇಳ್ತಾ ಇದ್ದೀಯಾ ಅನ್ನೋದಾದ್ರೂ ಗ್ಯಾಪ್ಕ ಐತಾ?"

"ಐತೆ, ಅದಕ್ಕೇ ಹೇಳಿದ್ದು."

ಭೀಮರಾಜು ರಟ್ಟಿನ ಡಬ್ಬ ಹರಿದು ಬಳೆಯನ್ನು ತೆಗೆದುಕೊಂಡ. ಅಷ್ಟರಲ್ಲಿ ಬಚ್ಚಲ ಹೊರಗೆ ಹಂಡೆಯ ಒಲೆ ಮಂಕಾಗಿರುವುದು ಕಾಣಿಸಿತು. ರಟ್ಟು ಒಣಗಿತ್ತು. ಎಂಟು ಭಾಷೆಯ ವಿವರಣೆ, ಹನ್ನೆರಡು ಬಣ್ಣದ ಚಿತ್ರ, ಎಲ್ಲವೂ ಒಲೆಗೆ ಹೋಗಿ ಮಗುವಿನ ಸ್ನಾನಕ್ಕೆ ನೀರು ಭರ್ಜರಿಯಾಗಿ ಕಾಯಿತು.

ಅವನು ಬಳೆಯನ್ನು ಡಬ್ಬದ ಬಾಯಿಗೆ ಕೂರಿಸಿ ಚೀಲದ ಅಂಚು ಹಿಡಿದು ಎಳೆದ. ಒಂದು ಮೊಳ ಬಂತು. ಒಳಗೆ ಇಣುಕಿದ. ತಳ ಕಾಣಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಭೀಮರಾಜುವಿನ ಕಸುಬನ್ನು ನೆನೆಯಬೇಕು. ಯಾರ್ಡಿಗೆ ಬರುವ ಗೋಣಿಚೀಲಕ್ಕೆ ತಳ ಹುಟ್ಟಿನಿಂದಲೇ ಬಂದಿರುತ್ತದೆ. ಬಾಯಿ ಹೊಲಿಯುವುದು ಮನುಷ್ಯನ ಕೆಲಸ. ತಳ ಕಾರ್ಖಾನೆಯವನ ಧರ್ಮ. ಎರಡು ಲಕ್ಷ ಚೀಲ ಹೊಲಿದವನ ಕೈಗೆ ತಳವಿಲ್ಲದ ಒಂದು ಚೀಲವೂ ಬಂದಿರಲಿಲ್ಲ. ಆದ್ದರಿಂದ ಅವನ ತೀರ್ಮಾನ ತಪ್ಪೆಂದು ಯಾವ ನ್ಯಾಯಾಲಯವೂ ಹೇಳಲಾರದು: ತಳ ಒಳಗಿದೆ, ಇನ್ನೂ ಬಂದಿಲ್ಲ, ಅಷ್ಟೇ.

ಎಳೆದ. ಎರಡು ಮಾರು ಬಂತು. ಹತ್ತು ಮಾರು ಬಂತು. ಕೋಣೆ ತುಂಬಿತು. ಮಂಚದ ಮೇಲೆ, ಬೀರು ಮೇಲೆ, ದೇವರ ಗೂಡಿನವರೆಗೂ ಬಿಳೀ ಚೀಲ ಹರಿದಾಡಿತು. ಅಷ್ಟು ಚಿಕ್ಕ ಬಳೆಯೊಳಗೆ ಅಷ್ಟನ್ನು ತುರುಕಿದವನಿಗೆ ಸರ್ಕಾರ ಸಾರಿಗೆ ಇಲಾಖೆ ಕೊಟ್ಟಿದ್ದರೆ ಒಂದೇ ಬಸ್ಸಿನಲ್ಲಿ ಶಿರಾ ತಾಲ್ಲೂಕನ್ನೇ ಕೂರಿಸಿ ಕಳಿಸುತ್ತಿದ್ದ. ಜಾಗ ಸಾಲದೆ ಭೀಮರಾಜು ಚೀಲದ ತುದಿಯನ್ನು ಬಾಗಿಲ ಹೊರಗೆ ತಳ್ಳಿದ.

ಎದುರು ಮನೆಯ ಕೊಲ್ಲಾಪುರಮ್ಮ ಅಕ್ಕಿ ಕೇರುತ್ತಿದ್ದವರು ಮೊರ ಕೆಳಗಿಟ್ಟರು.

"ಏನ್ಲಾ ಭೀಮಾ, ಬೀದೀಗೆ ಹಾಸ್ತಾ ಇದ್ದೀಯಾ? ಯಾರ್ಲಾ ಬರೋರು, ಮಿನಿಷ್ಟ್ರಾ?"

"ಅದಕ್ಕಿಂತ ದೊಡ್ಡೋರು ಅಕ್ಕಾ. ನಮ್ಮತ್ತೆ. ಒಂಚೂರು ಆ ತುದಿ ಹಿಡ್ಕೊಳ್ಳಿ, ಮಣ್ಣಾಗ್ತದೆ."

"ಏನಿದು?"

"ಮಗೂದು ಚೀಲ. ತಳ ಹುಡುಕ್ತಾ ಇದ್ದೀನಿ."

ಕೊಲ್ಲಾಪುರಮ್ಮ ಚೀಲವನ್ನು ಮೂಸಿದರು. "ಅಬ್ಬಬ್ಬಾ, ಏನು ಗಮಗಮ! ಏಯ್ ಲಕ್ಷ್ಮಯ್ಯಾ, ಬಾರಪ್ಪಾ ಇಲ್ಲಿ, ಭೀಮನ ಚೀಲದ ತಳ ಕಳ್ದೋಗೈತಂತೆ!"

ಲಕ್ಷ್ಮಯ್ಯ ಆ ಬೀದಿಗೆ ನೀರು ಬಿಡುವವರು. ಮೂವತ್ತು ವರ್ಷದಿಂದ ವಾಲ್ವು ತಿರುಗಿಸಿ ತಿರುಗಿಸಿ ಜಗತ್ತಿನಲ್ಲಿ ಉದ್ದಕ್ಕಿರುವುದೆಲ್ಲ ಪೈಪೇ ಎಂಬ ನಂಬಿಕೆಗೆ ಬಂದವರು. ಬಂದವರೇ ಚೀಲದ ತುದಿ ಅಗಲಿಸಿ ಒಳಗೆ ಬಾಯಿಟ್ಟು ಊದಿದರು. ಚೀಲ ಉಬ್ಬಿ, ಬಾಗಿಲೊಳಗೆ ಹೆಬ್ಬಾವಿನಂತೆ ಒಂದು ಸಲ ಹೊರಳಿತು.

"ಪ್ರೆಶರ್ ಐತೆ," ಲಕ್ಷ್ಮಯ್ಯ ಹೇಳಿದರು. "ಪ್ರೆಶರ್ ನಿಂತದೆ ಅಂದ್ರೆ ಅತ್ಲಾಗೆ ಬಂದಾಗೈತೆ ಅಂತಾನೇ ಅರ್ಥ. ತಳ ಇದ್ದೇ ಐತೆ. ಎಳಿ."

"ನಾನೂ ಅದನ್ನೇ ಹೇಳಿದ್ದಣ್ಣಾ!"

"ಎಳಿ ಅಂದ್ನಲ್ಲ!"

ಸುದ್ದಿ ಬೀದಿಯಲ್ಲಿ ಓಡಿತು. ಮೊದಲನೇ ಮನೆಯಲ್ಲಿ "ಭೀಮನ ಚೀಲ" ಎಂದಿದ್ದದ್ದು ನಾಲ್ಕನೇ ಮನೆಗೆ ಹೋಗುವಷ್ಟರಲ್ಲಿ ಬೀದಿಗೆ ಹೊಸ ಪೈಪ್‌ಲೈನ್ ಆಗಿ, ಎಂಟನೇ ಮನೆಯಲ್ಲಿ ಮನೆಮನೆಗೆ ಗ್ಯಾಸ್ ಆಯಿತು. ಹತ್ತನೇ ಮನೆಯವರು ಆಧಾರ್ ಕಾರ್ಡ್ ಜೆರಾಕ್ಸ್ ಹಿಡಿದೇ ಬಂದರು. ಬಂದವರ ಕೈಗೆಲ್ಲ ಎರಡು ಮಾರು ಚೀಲ ಸಿಕ್ಕಿತು. ಕೈಗೆ ಸಿಕ್ಕಿದ್ದನ್ನು ಯಾರೂ ಬಿಡಲಿಲ್ಲ. ಬಿಟ್ಟರೆ ಕನೆಕ್ಷನ್ ತಪ್ಪೀತು ಅನ್ನುವ ಭಯ.

ಯಾರ್ಡಿನ ಹಮಾಲಿ ಪೆದ್ದಣ್ಣ ಸೈಕಲ್ಲಿನಲ್ಲಿ ಹೋಗುತ್ತಿದ್ದವನು ಇಳಿದ. ಭೀಮರಾಜು ಅವನನ್ನು ಕಂಡು, ಪರೀಕ್ಷೆಯ ಹಾಲಿನಲ್ಲಿ ಪಕ್ಕದವನನ್ನು ಕೇಳುವಂತೆ ಕೇಳಿದ:

"ಪೆದ್ದಣ್ಣಾ, ನೀನೇ ಹೇಳ್ಲಾ. ತಳ ಇಲ್ದೆ ಇರೋ ಚೀಲ ಕಂಡಿದ್ದೀಯಾ?"

"ತಳ ಇಲ್ಲ ಅಂದ್ಮೇಲೆ ಅದು ಚೀಲ ಹೆಂಗಾತದೆ? ಲಂಗ ಆತದೆ."

"ಕೇಳ್ಸಿಕೊಂಡ್ರಾ?" ಭೀಮರಾಜು ಬೀದಿಗೆಲ್ಲ ಕೂಗಿದ. ಸಂಶಯ ಪೂರ್ತಿ ನಿವಾರಣೆಯಾಯಿತು. ಪೆದ್ದಣ್ಣ ಸೈಕಲ್ ನಿಲ್ಲಿಸಿ ಪಂಚೆ ಎತ್ತಿ ಕಟ್ಟಿ, ಲಾರಿಯಿಂದ ಮೂಟೆ ಇಳಿಸುವಾಗ ಹಾಕುವ "ಹೈಸಾ" ಹಾಕಿದ. ಅರವತ್ತು ಕೈ ಒಟ್ಟಿಗೆ ಎಳೆದವು. ತುದಿ ಬೀದಿ ದಾಟಿ ಮುಖ್ಯ ರಸ್ತೆಯ ಕಡೆ ಹೊರಟಿತು. ನೇರವಾಗಿ ಹೋಗಿದ್ದಿದ್ದರೆ ಬೆಟ್ಟ ಹತ್ತಿ ಕೋಟೆ ಬಾಗಿಲಿಗೆ ಮುಟ್ಟುತ್ತಿತ್ತು. ಪುಣ್ಯಕ್ಕೆ ಟೀ ಅಂಗಡಿಯ ಹತ್ತಿರ ಎಡಕ್ಕೆ ತಿರುಗಿತು.

ಹತ್ತೂಕಾಲಿಗೆ ಬೈಕು ಬಂತು. ಬೈಕಿನ ಮೇಲೆ ಆರೋಗ್ಯ ನಿರೀಕ್ಷಕ ನರಸಿಂಹರಾಜು. ನಿಷೇಧಿಸಿದ ಪ್ಲಾಸ್ಟಿಕ್ ಹಿಡಿಯುವುದು ಅವರ ಕೆಲಸ. ಅವರ ಜೀವಮಾನದ ಬೇಟೆಯೆಂದರೆ ಒಬ್ಬ ಹೂವಿನವಳ ಹತ್ತಿರ ಹಿಡಿದ ಅರ್ಧ ಕಟ್ಟು ಕವರು. ಈಗ ಕಣ್ಣ ಮುಂದೆ, ಕಣ್ಣು ಹಾಯುವಷ್ಟು ಉದ್ದಕ್ಕೆ, ಒಂದೇ ಪ್ಲಾಸ್ಟಿಕ್ ಕವರು. ಅವರ ಧ್ವನಿ ಸಂತೋಷಕ್ಕೆ ನಡುಗಿತು.

"ಯಾರ್ರೀ ಇದರ ಓನರ್ರು?"

ಅರವತ್ತು ಕೈ ಭೀಮರಾಜುವಿನ ಬಾಗಿಲ ಕಡೆ ತೋರಿಸಿದವು. ನಿರೀಕ್ಷಕರು ಒಳಗೆ ಹೋದರು.

"ಎಷ್ಟು ಮೈಕ್ರಾನ್ ದಪ್ಪ ಇದು?"

"ಗೊತ್ತಿಲ್ಲ ಸಾರ್. ಮಗೂದು."

"ಮಗೂದು ಎಷ್ಟು ಮೈಕ್ರಾನ್ ಅಂತ ಕೇಳಿದ್ನೇನ್ರೀ? ಒಟ್ಟು ಉದ್ದ ಎಷ್ಟು?"

"ಅದನ್ನೇ ಸಾರ್ ನೋಡ್ತಾ ಇರೋದು. ಇನ್ನೂ ತಳ ಬಂದಿಲ್ಲ."

ನರಸಿಂಹರಾಜು ಪುಸ್ತಕ ತೆಗೆದು ಮಹಜರು ಬರೆಯಲು ಕೂತರು. ಹೆಸರು ಬರೆದರು, ವಿಳಾಸ ಬರೆದರು, ಉದ್ದದ ಕಾಲಂಗೆ ಬಂದು ಪೆನ್ನು ನಿಂತಿತು. ಉದ್ದ ಬರೆಯದೆ ಮಾಲು ವಶಪಡಿಸಿಕೊಂಡರೆ ಮೇಲಿನವರು ಕೇಳುತ್ತಾರೆ. ತುದಿ ಕಾಣದೆ ಉದ್ದ ಬರೆಯುವುದು ಹೇಗೆ? ಐದು ನಿಮಿಷ ಯೋಚಿಸಿ, ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿ, ಅಂಗಿಯ ತೋಳು ಮಡಿಚಿದರು.

"ಎಳೀರ್ರೀ! ಸರ್ಕಾರಿ ಕೆಲಸಕ್ಕೆ ಅಡ್ಡಿ ಮಾಡ್ಬೇಡಿ, ಎಳೀರಿ!"

ಅಲ್ಲಿಗೆ ಎಳೆತ ಅಧಿಕೃತವಾಯಿತು.

ಪಾವಗಡದ ಕಡೆಯಿಂದ ಬಂದ ಬಸ್ಸು ಹತ್ತು ಮುಕ್ಕಾಲಿಗೇ ಮುಖ್ಯ ರಸ್ತೆಗೆ ಬಂತು. ರಸ್ತೆಗೆ ಅಡ್ಡ ಬಿಳೀ ಚೀಲ. ಅದನ್ನು ಹಿಡಿದು ನಿಂತವರು ಎರಡೂ ಕಡೆ. ಡ್ರೈವರ್ ಅದನ್ನು ತುಳಿಯಲು ಒಪ್ಪಲಿಲ್ಲ. "ಒಳಗೆ ಗ್ಯಾಸ್ ಐತಂತೆ" ಎಂದು ಟೀ ಅಂಗಡಿಯವನು ಹೇಳಿದ್ದ. ಕಂಡಕ್ಟರ್ ಸೀಟಿ ಊದಿ ಎಲ್ಲರನ್ನೂ ಇಳಿಸಿದ. ಇಳಿದವರಲ್ಲಿ ಕಂಕುಳಲ್ಲಿ ಗಂಟು, ಬಾಯಲ್ಲಿ ಎಲೆಯಡಿಕೆ ಇದ್ದ ಹೆಂಗಸು ಚಿಕ್ಕಹನುಮಕ್ಕ.

"ಏಂದಯ್ಯಾ ಇದು?" ಅವರು ಹತ್ತಿರ ನಿಂತವನನ್ನು ಕೇಳಿದರು.

"ಗ್ಯಾಸ್ ಲೈನಮ್ಮಾ. ಆ ಬೀದಿಯಿಂದ ಬತ್ತಾ ಐತೆ."

ಚಿಕ್ಕಹನುಮಕ್ಕ ಅಂಚನ್ನು ಬೆರಳಲ್ಲಿ ಹಿಡಿದು, ಹಾಗೇ ಮೂಗಿಗೆ ತಂದರು. ಎಂಟು ದಿನದ ಹಿಂದೆ ಅಳಿಯನ ಮನೆಯ ಮೂಲೆಮೂಲೆ ಮೂಸುವಾಗ ಮಿಷನ್ನಿನ ಹತ್ತಿರ ಬಡಿದಿದ್ದ ಅದೇ ಗಮಗಮ. ಎಲೆಯಡಿಕೆ ಅಗಿಯುವುದು ನಿಂತಿತು. ಚೀಲದ ಗುಂಟ ನಡೆಯತೊಡಗಿದರು. ಟೀ ಅಂಗಡಿ ದಾಟಿತು. "ಹೊಸ ಪೈಪು" ಎಂದು ಒಬ್ಬರು ಹೇಳಿದರು. ವಾಲ್ವು ದಾಟಿತು. "ಮಿನಿಷ್ಟ್ರು ಬತ್ತಾರಂತೆ" ಎಂದು ಇನ್ನೊಬ್ಬರು ಹೇಳಿದರು. ಒಂದೊಂದು ಮನೆ ದಾಟಿದಂತೆ ಅವರ ಹೆಜ್ಜೆ ಜೋರಾಯಿತು. ಕೊನೆಗೆ ಚೀಲ ಒಳಗೆ ಹೋಗಿದ್ದ ಬಾಗಿಲನ್ನು ನೋಡಿ ಗಂಟನ್ನು ದೊಪ್ಪನೆ ಜಗುಲಿಯ ಮೇಲೆ ಹಾಕಿದರು.

"ಅಯ್ಯೋ ದೇವುಡಾ! ನಮ್ದೇ ಮನೆ!"

ಸರಿಯಾಗಿ ಆಗಲೇ ಒಳಗೆ ಬಳೆಯ ಹೊಟ್ಟೆಯಿಂದ ಚೀಲದ ಕೊನೆ ಪಟ್ಟೆಂದು ಕಳಚಿ ಭೀಮರಾಜುವಿನ ಕೈಗೆ ಬಂತು. ಬೀದಿಯವರು ಉಸಿರು ಹಿಡಿದರು. ನರಸಿಂಹರಾಜು ಪೆನ್ನಿನ ಮುಚ್ಚಳ ತೆಗೆದರು. ಭೀಮರಾಜು ಚೀಲದ ಕೊನೆಯನ್ನು ಎರಡೂ ಕೈಯಲ್ಲಿ ಅಗಲಿಸಿ ನೋಡಿದ. ಅದೂ ಬಾಯಿ. ಅಗಲವಾಗಿ, ನಗುತ್ತಿರುವ ಬಾಯಿ.

"ತಳ ಇಲ್ಲ!" ಅವನು ಕೂಗಿದ. "ಮೋಸ! ಕಾರ್ಖಾನೆಯೋನು ತಳಾನೇ ಹಾಕಿಲ್ಲ!"

ಬೀದಿಗೆ ಬೀದಿಯೇ "ಅಯ್ಯಯ್ಯೋ" ಅಂದಿತು. ಬಾಗಿಲಲ್ಲಿ ಅತ್ತೆ ನಿಂತಿದ್ದರು.

"ಅಳಿಮಯ್ಯಾ."

"ಅತ್ತೆ... ಬಸ್ಸು ಹನ್ನೊಂದಕ್ಕಲ್ವಾ?"

"ಏಂದಿದು?"

"ಮಿಷನ್ನಿಂದು ಚೀಲ. ಮಿಷನ್ ಚೆನ್ನಾಗೈತೆ. ಚೀಲ ಸ್ವಲ್ಪ... ಉದ್ದ ಆಯ್ತು."

"ಮಿತ್ರಾ!" ಚಿಕ್ಕಹನುಮಕ್ಕ ಅಳಿಯನ ಮೇಲಿನಿಂದ ದೃಷ್ಟಿ ತೆಗೆಯದೆ ಕೂಗಿದರು. "ಬಟ್ಟೆ ಕಟ್ಟು. ಮಗೀನ ಟೋಪಿ ತಗೋ. ನಾಲ್ಕೂವರೆ ಬಸ್ಸಿಗೆ ಹೊರಡಾನ."

ಭೀಮರಾಜು ಚೀಲ ಹಿಡಿದುಕೊಂಡೇ ಡೈಪರ್ ಡಬ್ಬದ ಮೇಲೆ ಕುಕ್ಕರಿಸಿದ. ಅದರ ಬಾಯಿ ತಾನೇ ತೆರೆದು ಅವನನ್ನು ಕೆಳಗೆ ಬೀಳಿಸಿತು. ಯಾರೂ ನಗಲಿಲ್ಲ. ಯುಗಾದಿ ಇನ್ನೂ ನಾಲ್ಕು ತಿಂಗಳಿತ್ತು. ಅವನ ಮುದ್ದೆ ಮೂಸಲು ಬೀದಿಯ ನಾಯಿಯೂ ಇರಲಿಲ್ಲ.

"ಅತ್ತೆ, ಇನ್ನೊಂದೇ ಒಂದು ದಿನ ಕೊಡಿ. ಬೇರೆ ಚೀಲ ತರ್ತೀನಿ, ತಳ ಇರೋದು. ತುಮಕೂರಿಗೆ ಹೋಗ್ತೀನಿ, ಈಗ್ಲೇ ಹೋಗ್ತೀನಿ..."

ಸಂಘಮಿತ್ರಾ ಸ್ನಾನ ಮಾಡಿಸಿದ ಮಗುವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಚ್ಚಲಿನಿಂದ ಬಂದಳು. ಕೋಣೆ ನೋಡಿದಳು. ಮಂಚ ನೋಡಿದಳು. ಬಾಗಿಲಿಗೆ ಬಂದು ಬೀದಿ ನೋಡಿದಳು: ಕೊಲ್ಲಾಪುರಮ್ಮ, ಲಕ್ಷ್ಮಯ್ಯ, ಪಂಚೆ ಕಟ್ಟಿದ ಪೆದ್ದಣ್ಣ, ಜೆರಾಕ್ಸ್ ಹಿಡಿದವರು, ತೋಳು ಮಡಿಚಿದ ಸರ್ಕಾರಿ ಅಧಿಕಾರಿ, ಅವರೆಲ್ಲರ ಕೈಯಲ್ಲಿ ಪವಿತ್ರವಾಗಿ ಹಿಡಿದ ತನ್ನ ಮಗಳ ಡೈಪರ್ ಚೀಲ, ಅದರ ಆಚೆ ಮುಖ್ಯ ರಸ್ತೆಯಲ್ಲಿ ನಿಂತ ಬಸ್ಸು.

ಮೊದಲು ಅವಳ ಭುಜ ಅಲುಗಿತು. ಆಮೇಲೆ ಸದ್ದು ಬಂತು. ಹೆರಿಗೆಯಾದ ಮೇಲೆ ಅವಳು ಹಾಗೆ ನಕ್ಕಿರಲಿಲ್ಲ. ಹೊಸಕೋಟೆಯ ಐದು ತಿಂಗಳಲ್ಲಿ ಅಮ್ಮ ತುಪ್ಪ ತಿನ್ನಿಸಿದರೂ ನಕ್ಕಿರಲಿಲ್ಲ, ಸೀರೆ ತಂದುಕೊಟ್ಟರೂ ನಕ್ಕಿರಲಿಲ್ಲ. ಈಗ ಬಾಗಿಲ ಚೌಕಟ್ಟು ಹಿಡಿದು, ಮಗುವನ್ನು ಕೊಲ್ಲಾಪುರಮ್ಮನ ಕೈಗೆ ಕೊಟ್ಟು, ಜಗುಲಿಯ ಮೇಲೆ ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ಚಿತ್ರ... ನೋಡಿ ಅಂದ್ನಲ್ಲ ರೀ!"

"ಚಿತ್ರ ಒಲೆಗೆ ಹಾಕ್ಬುಟ್ಟೆ."

ಅವಳು ಇನ್ನೊಂದು ಸಲ ಹೊರಳಿ ನಕ್ಕಳು. ಚಿಕ್ಕಹನುಮಕ್ಕ ಮಗಳನ್ನೇ ನೋಡುತ್ತಾ ನಿಂತರು. ಎಷ್ಟೋ ಹೊತ್ತಿನ ಮೇಲೆ ಎಲೆಯಡಿಕೆಯನ್ನು ಮತ್ತೆ ಅಗಿಯತೊಡಗಿ, ಅಳಿಯನ ಹತ್ತಿರ ಹೋಗಿ ಅವನ ಕೈಯಿಂದ ಚೀಲದ ಕೊನೆಯನ್ನು ಕಿತ್ತುಕೊಂಡರು. ಎರಡು ಸುತ್ತು ತಿರುಚಿ, ಹೊಲದಲ್ಲಿ ಸೆರಗಿನ ತುದಿಗೆ ಕಡಲೆಕಾಯಿ ಕಟ್ಟುವಂತೆ, ಬಿಗಿಯಾಗಿ ಒಂದು ಗಂಟು ಹಾಕಿದರು.

"ತಗೋ ತಳ."

ಭೀಮರಾಜು ಗಂಟನ್ನು ತಿರುಗಿಸಿ ತಿರುಗಿಸಿ ನೋಡಿದ. ಲಕ್ಷ್ಮಯ್ಯ ನೋಡಿದರು. ಪೆದ್ದಣ್ಣ ಎಳೆದು ನೋಡಿದ. ಎರಡು ಲಕ್ಷ ಚೀಲದ ಅನುಭವ ಒಂದು ಗಂಟಿನ ಮುಂದೆ ತಲೆ ತಗ್ಗಿಸಿ ನಿಂತಿತು.

"ಆದ್ರೆ ಮೇಡಂ, ಮಹಜರು..." ನರಸಿಂಹರಾಜು ಮೆಲ್ಲಗೆ ಶುರು ಮಾಡಿದರು.

"ನಿಮಗೆ ಮಕ್ಳವ್ರಾ ಸ್ವಾಮಿ?" ಚಿಕ್ಕಹನುಮಕ್ಕ ಕೇಳಿದರು.

"ಇಬ್ರು."

"ಒಂದಿನ ಒಂದು ಬಟ್ಟೆ ಒಗ್ದಿದ್ದೀರಾ, ಮಕ್ಳುದು?"

ನಿರೀಕ್ಷಕರು ಬೈಕಿನ ಕಡೆ ನೋಡಿದರು, ಬೈಕು ದೂರ ಇತ್ತು. ಪುಸ್ತಕದ ಹಾಳೆ ಹರಿದು ಜೇಬಿಗೆ ಹಾಕಿಕೊಂಡು ಮತ್ತೆ ಚೀಲ ಹಿಡಿದರು.

"ಮಿತ್ರಾ, ನಿಮ್ಮಪ್ಪ ನಾಲ್ಕು ಮಕ್ಳಾದ್ರೂ ಒಂದು ಒದ್ದೆ ಬಟ್ಟೆ ಬೆರಳಲ್ಲಿ ಮುಟ್ಟಲಿಲ್ಲ ಕಣಮ್ಮ," ಚಿಕ್ಕಹನುಮಕ್ಕ ಮಗಳ ಪಕ್ಕ ಕೂತರು. "ನಿನ್ನ ಗಂಡ ಊರಿಗೂರ್ನೇ ಮುಟ್ಸವ್ನೆ."

"ಅಮ್ಮಾ, ಇದನ್ನ ವಾಪಸ್ ಆ ಬಳೆಯೊಳಗೆ ಹೆಂಗೆ ತುಂಬ್ತಾರೆ ಅಂತ ನೋಡ್ದೆ ನಾನಂತೂ ಎಲ್ಲಿಗೂ ಬರಲ್ಲ."

ತುಂಬುವುದು ಸುಲಭವಾಗಿರಲಿಲ್ಲ. ಗಂಡಸರು ತುರುಕಿದರು, ಚೀಲ ಹೊರಗೆ ಹಾರಿತು. ಕೊಲ್ಲಾಪುರಮ್ಮ ಗಂಡಸರನ್ನೆಲ್ಲ ಹಿಂದೆ ಸರಿಸಿ, ಸೊಂಟಕ್ಕೆ ಸೆರಗು ಸಿಕ್ಕಿಸಿ, "ನೆರಿಗೆ ಹಿಡೀಬೇಕು ಕಣ್ರಮ್ಮ" ಎಂದು ಬೀದಿಯ ಹೆಂಗಸರನ್ನು ಬಳೆಯ ಸುತ್ತ ಕೂರಿಸಿದರು. ಗಂಡಸರು ಮುಖ್ಯ ರಸ್ತೆಯ ಚೀಲ ಸರಿಸಿ ಬಸ್ಸಿಗೆ ದಾರಿ ಬಿಟ್ಟು, ಬೀದಿಯಿಂದ ಚೀಲ ತಂದು ಕೊಡುವುದು, ಹೆಂಗಸರು ನೆರಿಗೆ ಹಿಡಿದು ಬಳೆಗೆ ತುಂಬುವುದು. ಡಬ್ಬದೊಳಗೆ ಗಂಟು ಇಳಿಯಿತು. ನಡುವೆ ಮಗು ತನ್ನ ಕೆಲಸ ಮುಗಿಸಿತು. ಭೀಮರಾಜು ಇಡೀ ಬೀದಿಯ ಎದುರು ಡೈಪರ್ ಬಿಚ್ಚಿ, ಒರೆಸಿ, ಹೊಸದು ಕಟ್ಟಿ, ಹಳೆಯದನ್ನು ಒಳಗೆ ನೂಕಿದ. ಗಂಟು ಹಿಡಿಯಿತು. ಪೆದ್ದಣ್ಣ ಸೀಟಿ ಹೊಡೆದ. ಚಿಕ್ಕಹನುಮಕ್ಕ ಡಬ್ಬದ ಹತ್ತಿರ ಮೂಗು ತಂದು ಮೂರು ಸಲ ಮೂಸಿ, ಏನೂ ಹೇಳದೆ ಬಂದು ಕೂತರು. ಆ ಮೂಗು ಏನೂ ಹೇಳದೆ ಇದ್ದದ್ದು ಅದೇ ಮೊದಲು.

ಮಧ್ಯಾಹ್ನ ಜಗುಲಿಯಲ್ಲೇ ಎಲ್ಲರಿಗೂ ಮುದ್ದೆ ಸಾರಾಯಿತು. ಆಮೇಲೆ ಮತ್ತೆ ಚೀಲ.

ನಾಲ್ಕೂವರೆಗೆ ಮುಖ್ಯ ರಸ್ತೆಯಲ್ಲಿ ಹಾರ್ನ್ ಕೇಳಿಸಿತು. ಭೀಮರಾಜು ಹೆಂಡತಿಯನ್ನು ನೋಡಿದ, ಅತ್ತೆಯ ಗಂಟನ್ನು ನೋಡಿದ, ಕೊನೆಗೆ ಹೇಳಿದ:

"ಅತ್ತೆ... ಹೊಸಕೋಟೆ ಬಸ್ಸು ಹೋಗ್ತಾ ಐತೆ."

ಚಿಕ್ಕಹನುಮಕ್ಕ ತೊಡೆಯ ಮೇಲೆ ಎರಡು ಮಾರು ಚೀಲ ಹರಡಿಕೊಂಡು, ಬೆರಳಲ್ಲಿ ನೆರಿಗೆ ಎಣಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಹೋದ್ರೆ ಹೋಗ್ಲಿ ಬುಡು, ಅಳಿಮಯ್ಯಾ. ಇನ್ನೂ ಟೀ ಅಂಗಡಿತಾವಿಂದು ಬರೋದೈತೆ."